ಹೂಂ ಅಂದದ್ದು

ಶೆಡ್ಡಿನ ಬಾಗಿಲು ದಾಟಿ ಒಳಗೆ ಕಾಲಿಟ್ಟ ಕೂಡಲೇ ಮೇಸ್ತ್ರಿಗೆ ಎಂದಿನಂತೆ ಹಾಯೆನಿಸಿತು. ಹಾಯೆನಿಸಿತಲ್ಲ ಎಂದು ನಾಚಿಕೆಯೂ ಆಯಿತು. ಹೊರಗೆ ಬೀದಿಯಲ್ಲಿ, ಅಂಗಡಿಯ ಮುಂದೆ, ಮನೆಯೊಳಗೆ, ಎಲ್ಲಿ ಹೋದರೂ ಅವನ ತಲೆಯಲ್ಲಿ ಒಂದು ಜೀರುಂಡೆ ಕೂತು ಕಿರುಗುಟ್ಟುತ್ತಲೇ ಇರುತ್ತಿತ್ತು. ಇಲ್ಲಿ ಮಗ್ಗಗಳ ಗದ್ದಲ ಆ ಜೀರುಂಡೆಯನ್ನು ನುಂಗಿ ಹಾಕುತ್ತಿತ್ತು. ಲಾಳಿ ಈ ಕಡೆಯಿಂದ ಹೋಗಿ ಆ ಕಡೆ ಬಡಿಯುತ್ತದೆ, ಆ ಕಡೆಯಿಂದ ಬಂದು ಈ ಕಡೆ ಬಡಿಯುತ್ತದೆ. ಸಾಲುಸಾಲು ಮಗ್ಗಗಳು ಒಂದರ ಮೇಲೊಂದು ಬಿದ್ದು ಬಡಿದು, ಕೊನೆಗೆ ಅದು ಸದ್ದೇ ಅಲ್ಲ, ಅಂಗಾಲಿನಿಂದ ಮಂಡಿಗೆ, ಮಂಡಿಯಿಂದ ದವಡೆಗೆ ಹತ್ತಿ ನಿಲ್ಲುವ ಒಂದು ನಡುಕ. ಇಲ್ಲಿ ಯಾರೂ ಕಿವಿಯನ್ನು ನಂಬಿ ಬದುಕಿದವರಲ್ಲ. ನೇಯುವವರು, ಎಣ್ಣೆ ಬಿಡುವವರು, ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತುವವರು ಎಲ್ಲರೂ ತುಟಿ ನೋಡಿ ಮಾತಾಡುವವರೇ. ದನಿ ಎತ್ತಿದರೂ ವ್ಯರ್ಥ, ಆದ್ದರಿಂದ ಯಾರೂ ಎತ್ತುವುದಿಲ್ಲ. ಬಾಯಿ ಅಗಲಿಸಿ, ಹುಬ್ಬು ಏರಿಸಿ, ಸದ್ದಿಲ್ಲದೆ ಬೈಯುತ್ತಾರೆ, ಸದ್ದಿಲ್ಲದೆ ತಮಾಷೆ ಮಾಡುತ್ತಾರೆ, ಸದ್ದಿಲ್ಲದೆಯೇ ಅಳುತ್ತಾರೆ. ಮೇಸ್ತ್ರಿಗೆ ಈ ಗೋಡೆಗಳ ಒಳಗೆ ಯಾವ ಕುಂದೂ ಇರಲಿಲ್ಲ. ಮಗ್ಗದ ಮರದ ಮೇಲೆ ಅಂಗೈ ಇಟ್ಟರೆ ಸಾಕು, ಯಾವ ತಿರುಪು ಸಡಿಲವಾಗಿದೆ ಎಂದು ಹೇಳಿಬಿಡುತ್ತಿದ್ದ. ಇವತ್ತು ಮಾತ್ರ, ಪಾಳಿ ಮುಗಿಯುತ್ತ ಬಂದಾಗ, ಅಂಗೈ ಇಟ್ಟವನು ಇಟ್ಟಲ್ಲೇ ನಿಂತ. ಮರದ ನಡುಕದ ಕೆಳಗೆ ಇನ್ನೊಂದು ನಡುಕವಿತ್ತು. ನಿನ್ನೆ ಬೆಳಿಗ್ಗೆ ಅಮ್ಮ ಹಿಡಿದಿದ್ದ ಮಣಿಕಟ್ಟಿನದು.

ಅವನು ಹೊರಟಿದ್ದ. ಬುತ್ತಿಯ ಡಬ್ಬಿ ಕೈಯಲ್ಲಿತ್ತು, ಒಂದು ಕಾಲು ಚಪ್ಪಲಿಯೊಳಗೆ ಹೋಗಿಯೂ ಆಗಿತ್ತು. ಗೋಡೆಗೆ ಒತ್ತಿ ಹಾಕಿದ ಮಂಚದಿಂದ ಅಮ್ಮನ ಕೈ ಚಾಚಿಕೊಂಡು ಬಂದು ಮಣಿಕಟ್ಟು ಹಿಡಿಯಿತು. ತಂಗಿ ಹಿಂದಿನ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅಮ್ಮ ಅವಳು ಆಚೆ ಹೋಗುವುದನ್ನೇ ಕಾಯುತ್ತಿದ್ದವಳಂತೆ ಬಾಗಿಲ ಕಡೆ ಒಮ್ಮೆ ನೋಡಿ ಮಾತು ಶುರುಮಾಡಿದಳು. ಮೇಸ್ತ್ರಿ ಬಗ್ಗಿ ನಿಂತ. ಶೆಡ್ಡಿನಲ್ಲಿ ಯಾರ ತುಟಿಯನ್ನಾದರೂ ಓದಬಲ್ಲವನು ಅಮ್ಮನ ತುಟಿಯ ಮುಂದೆ ಮಾತ್ರ ಎಡವುತ್ತಿದ್ದ. ಅವಳ ಹಲ್ಲೆಲ್ಲ ಹೋಗಿ ತುಟಿಗಳು ದಾರ ಎಳೆದ ಚೀಲದ ಬಾಯಿಯಂತೆ ಒಳಕ್ಕೆ ಸೇದಿಕೊಂಡಿದ್ದವು. ಕೆಳದವಡೆ ಸುಮ್ಮನೆ ಏರಿಳಿಯುತ್ತಿತ್ತು. ಅವಳು ಬಹಳ ಹೊತ್ತು ಮಾತಾಡಿದಳು. ನಡುವೆ ಒಮ್ಮೆ ಕಣ್ಣಲ್ಲಿ ನೀರು ಬಂತು, ಆಮೇಲೆ ಏನೋ ನೆನಪಾಗಿ ನಕ್ಕಳು. ಮೇಸ್ತ್ರಿ ಅವಳು ನಿಲ್ಲಿಸಿದಲ್ಲೆಲ್ಲ ಹೂಂ ಅಂದ. ಇದು ಅವನು ವರ್ಷಗಳಿಂದ ಕಲಿತ ವಿದ್ಯೆ. ಎದುರಿನವರ ಮುಖ ಒಂದು ಕ್ಷಣ ಖಾಲಿಯಾಗಿ ಕಾಯುತ್ತದೆ, ಆ ಖಾಲಿಯೊಳಕ್ಕೆ ಒಂದು ಹೂಂ ಹಾಕಿದರೆ ಅವರು ಮುಂದೆ ಹೋಗುತ್ತಾರೆ. ಹುಬ್ಬು ಮೇಲೇರಿದರೆ ಪ್ರಶ್ನೆ, ಅದಕ್ಕೆ ‘ಖಂಡಿತ’. ತಲೆ ಅಡ್ಡಡ್ಡ ಆಡಿಸಿದರೆ ದುಃಖ, ಅದಕ್ಕೆ ‘ಏನ್ಮಾಡೋದು ಹೇಳು’. ಕೊನೆಗೆ ಅಮ್ಮನ ಹುಬ್ಬು ಮೇಲೇರಿತು. ಮೇಲೇರಿ ಇಳಿಯಲೇ ಇಲ್ಲ. ಮಣಿಕಟ್ಟಿನ ಮೇಲಿನ ಹಿಡಿತ ಬಿಗಿಯಾಯಿತು.

“ಖಂಡಿತ ಮಾಡ್ತೀನಮ್ಮ,” ಅಂದ ಅವನು. “ಖಂಡಿತ.”

ಅಮ್ಮ ಕೈ ಬಿಟ್ಟಳು. ಬಿಟ್ಟ ಕೈಯಿಂದಲೇ ಅವನ ಕೆನ್ನೆ ಮುಟ್ಟಿದಳು. ಚಪ್ಪಲಿಯ ಇನ್ನೊಂದು ಕಾಲು ಹುಡುಕುತ್ತ, ಸದ್ಯ ಮುಗಿಯಿತಲ್ಲ ಅಂದುಕೊಂಡು ಅವನು ಬೀದಿಗೆ ಬಿದ್ದಿದ್ದ. ಸದ್ಯ ಮುಗಿಯಿತಲ್ಲ ಅಂದುಕೊಂಡಿದ್ದ! ಮಗ್ಗದ ಮೇಲಿನ ಕೈಯನ್ನು ಮೇಸ್ತ್ರಿ ತೊಡೆಗೆ ಒರೆಸಿಕೊಂಡ.

ನಿನ್ನೆ ಸಂಜೆ ಹಿಂತಿರುಗಿದಾಗ ತಂಗಿ ಬಾಗಿಲಲ್ಲೇ ನಿಂತಿದ್ದಳು. ಅಮ್ಮನ ದನಿ ಹೋಗಿತ್ತು. ಡಾಕ್ಟರು ಬಂದು ನೋಡಿ, ಇನ್ನು ದಿನದ ಲೆಕ್ಕ ಅಲ್ಲ, ಹೊತ್ತಿನ ಲೆಕ್ಕ ಅಂದು ಹೋಗಿದ್ದರು. ತಂಗಿಯ ತುಟಿ ಓದುವುದು ಅವನಿಗೆ ಸುಲಭ. ಚಿಕ್ಕಂದಿನಿಂದ ಅವಳದು ಎಲ್ಲವನ್ನೂ ಬಿಡಿಸಿ ಹೇಳುವ ಬಾಯಿ.

“ಅಣ್ಣ, ಮಧ್ಯಾಹ್ನ ದನಿ ಇದ್ದಾಗ ಅಮ್ಮ ಒಂದು ಮಾತಂದ್ಲು. ಹೇಳೋದನ್ನೆಲ್ಲ ಅವನಿಗೆ ಹೇಳಿದೀನಿ, ಮಾಡ್ತೀನಿ ಅಂತ ಮಾತು ಕೊಟ್ಟಿದಾನೆ, ಇನ್ನು ನನಗೆ ಯಾವ ಯೋಚನೇನೂ ಇಲ್ಲ ಅಂತ. ಏನಣ್ಣ ಅದು?”

“ಹೇಳ್ತೀನಿ.”

“ಯಾವಾಗ?”

“ಹೇಳ್ತೀನಿ ಅಂದೆನಲ್ಲ.”

“ದೊಡ್ಡಣ್ಣನ ವಿಷಯಾನಾ? ಕರೆಸು ಅಂದ್ಲಾ? ಅಥವಾ ಅವನು ಬರಲೇ ಕೂಡದು ಅಂದ್ಲಾ?” ತಂಗಿ ಅವನ ಮುಖ ನೋಡಿದಳು. ಮೇಸ್ತ್ರಿ ತಲೆಯನ್ನು ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ ಎನ್ನುವಂತೆ ಆಡಿಸಿ ಕೈಕಾಲು ತೊಳೆಯಲು ಹೋದ. ದೊಡ್ಡಣ್ಣ ಜಗಳ ಮಾಡಿಕೊಂಡು ಮನೆ ಬಿಟ್ಟು ಎಷ್ಟೋ ಕಾಲವಾಗಿತ್ತು. ಕರೆಸಬೇಕೇ, ಬಾಗಿಲಲ್ಲೇ ತಡೆಯಬೇಕೇ? ಹಿಂದಿನ ಕೋಣೆ ತಂಗಿಗೆ ಬಿಡಬೇಕೇ? ಇಲ್ಲಾ ಇದ್ಯಾವುದೂ ಅಲ್ಲದ, ಅಮ್ಮ ಒಬ್ಬಳೇ ಹೊತ್ತುಕೊಂಡಿದ್ದ, ತಂಗಿಗೂ ಹೇಳಲಾಗದ ಯಾವುದೋ ಒಂದೇ? ರಾತ್ರಿಯೆಲ್ಲ ಅವನು ಬೆಳಗಿನ ಆ ದವಡೆಯ ಏರಿಳಿತವನ್ನು ಕಣ್ಣೊಳಗೆ ತಂದುಕೊಂಡು ಅದಕ್ಕೆ ಮಾತು ಹೊಂದಿಸಲು ನೋಡಿದ. ಹೊಂದಿಸಿದರೆ ಯಾವ ಮಾತಾದರೂ ಹೊಂದುತ್ತಿತ್ತು. ಅದೇ ಭಯ.

ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಎಂದು ಆಗಲೇ ಯಾಕೆ ಅನ್ನಲಿಲ್ಲ? ಇದನ್ನು ಬೇರೆ ಯಾರ ಮುಂದೆ ಬೇಕಾದರೂ ಅನ್ನಬಹುದಿತ್ತು, ಅಮ್ಮನ ಮುಂದೆ ಮಾತ್ರ ಆಗುತ್ತಿರಲಿಲ್ಲ. ಅಪ್ಪನೂ ಇದೇ ಶೆಡ್ಡಿನಲ್ಲಿ ನೇಯ್ದವನು. ಕೊನೆಕೊನೆಗೆ ಅಪ್ಪನಿಗೆ ಬಾಗಿಲು ತಟ್ಟಿದ್ದು ಕೇಳುತ್ತಿರಲಿಲ್ಲ, ಹಾಲು ಉಕ್ಕಿದ್ದು ಕೇಳುತ್ತಿರಲಿಲ್ಲ, ಅಮ್ಮ ಅತ್ತದ್ದು ಕೇಳುತ್ತಿರಲಿಲ್ಲ. ಅಮ್ಮ ಕೂಗಿ ಕೂಗಿ ಗಂಟಲು ಹರಿದುಕೊಂಡಳು. “ಗೋಡೆ ಜೊತೆ ಸಂಸಾರ ಮಾಡಿದ ಹಾಗಾಯ್ತು,” ಎಂದು ಬಂದವರ ಮುಂದೆಲ್ಲ ಅನ್ನುತ್ತಿದ್ದಳು, ಅಪ್ಪ ಅಲ್ಲೇ ಕೂತು ನಗುಮುಖ ಮಾಡಿಕೊಂಡು ಹೂಂಗುಟ್ಟುತ್ತಿದ್ದ. ಇದೇ ಅಮ್ಮ ಒಂದು ಕಾಲಕ್ಕೆ ಗದ್ದೆಯ ಬದುವಿನ ಮೇಲೆ ನಿಂತು ಕೂಗಿದರೆ ಕಾಲುವೆಯ ಆಚೆ ದನ ಕಾಯುತ್ತಿದ್ದ ಮಗನಿಗೆ ಕೇಳುತ್ತಿತ್ತು. ಹೆಸರಿನ ಕೊನೆಯನ್ನು ಎಳೆದು, ಎಳೆದದ್ದನ್ನು ಗಾಳಿಗೆ ಬಿಟ್ಟು, ಅದು ಅವನವರೆಗೆ ತೇಲಿ ಬರುವವರೆಗೂ ಕೈ ಅಡ್ಡ ಹಿಡಿದು ನೋಡುತ್ತ ನಿಲ್ಲುತ್ತಿದ್ದಳು. ಮಗ ಶೆಡ್ಡಿಗೆ ಸೇರಿದ ದಿನ ಎಣ್ಣೆಯಲ್ಲಿ ಅದ್ದಿದ ಹತ್ತಿಯ ಎರಡು ಉಂಡೆ ಮಾಡಿ ಕೈಗಿಟ್ಟು, “ಇದನ್ನ ಕಿವಿಗಿಟ್ಕೊ. ಒಬ್ಬ ಕಿವುಡನ ಜೊತೆ ಬಾಳಿದ್ದೇ ಸಾಕು, ಇನ್ನೊಬ್ಬನ ಕೈಲಿ ಸಾಯಲಾರೆ,” ಅಂದಿದ್ದಳು. ಅಂದಿನಿಂದ ದಿನಾ ಬೆಳಿಗ್ಗೆ ಎರಡು ಉಂಡೆ. ಅವನು ಗೇಟಿನವರೆಗೂ ಇಟ್ಟುಕೊಂಡು ಹೋಗಿ ಗೇಟಿನ ಬಳಿ ಕಿತ್ತು ಚರಂಡಿಗೆ ಎಸೆಯುತ್ತಿದ್ದ. ಹತ್ತಿ ಇಟ್ಟುಕೊಂಡವನನ್ನು ಒಳಗೆ ಬಾಣಂತಿ ಅಂತ ಆಡಿಕೊಳ್ಳುತ್ತಿದ್ದರು. ಅದಲ್ಲದೆ, ಹತ್ತಿ ಇದ್ದರೆ ಮಗ್ಗದ ತಪ್ಪು ತಿಳಿಯುವುದಿಲ್ಲ ಎಂದು ಹಳಬರು ನಂಬಿದ್ದರು, ಅವನೂ ನಂಬಿದ. ಸಂಜೆ ಬಂದ ಮಗನ ಕಿವಿ ನೋಡಿ ಅಮ್ಮ, “ಬಿದ್ದುಹೋಯ್ತಾ?” ಅನ್ನುತ್ತಿದ್ದಳು. ಹೂಂ, ಅನ್ನುತ್ತಿದ್ದ.

ಮನೆಯವರಿಗೆ ಗೊತ್ತಾಗದಂತೆ ಅವನು ಕಿವಿಯ ಡಾಕ್ಟರ ಹತ್ತಿರ ಒಮ್ಮೆ ಹೋಗಿದ್ದುಂಟು. ಡಾಕ್ಟರು ಒಳ್ಳೆಯವರು. ಮುಖ ಕಾಣುವಂತೆ ಎದುರು ಕೂತು ಹೇಳಿದರು: ಕಿವಿಯ ಒಳಗೆ, ತೀರಾ ಒಳಗೆ, ಕೂದಲಿಗಿಂತ ಸಣ್ಣ ಎಳೆಗಳು ಇರುತ್ತವೆ, ಸದ್ದು ಬಂದಾಗ ಬಾಗಿ ಮತ್ತೆ ಏಳುತ್ತವೆ. ಗಾಳಿಗೆ ಪೈರು ಬಾಗಿ ಎದ್ದ ಹಾಗೆ. ಮೊದಮೊದಲು ಒಂದು ರಾತ್ರಿ ಮಲಗಿ ಎದ್ದರೆ ಅವೂ ಎದ್ದಿರುತ್ತವೆ. ದಿನಾ ಬಿರುಗಾಳಿ ಬೀಸಿದರೆ ಒಂದು ದಿನ ನೆಲಕ್ಕೊರಗಿದ್ದು ಒರಗಿಯೇ ಹೋಗುತ್ತದೆ. ಪೈರಾದರೆ ಮುಂದಿನ ಸಲ ಬಿತ್ತಬಹುದು, ಇದನ್ನು ಮತ್ತೆ ಬಿತ್ತೋಕೆ ಬರಲ್ಲ. “ಮೊದಲು ಹೋಗೋದು ಸಣ್ಣ ದನಿಗಳು. ಹಕ್ಕಿ, ಮಕ್ಕಳು, ಹೆಂಗಸರ ಮಾತು. ಸದ್ದು ಕೇಳುತ್ತೆ, ಮಾತು ತಿಳಿಯಲ್ಲ. ಜೋರಾಗಿ ಕೂಗಿದ್ರೆ ನೋವಾಗುತ್ತೆ, ಆಗಲೂ ತಿಳಿಯಲ್ಲ. ಅಲ್ವಾ?” ಹೌದೆಂದು ಅನ್ನಬೇಕೆನಿಸಿತು. ಇಷ್ಟು ಸರಿಯಾಗಿ ತನ್ನ ಒಳಗನ್ನು ಯಾರೂ ಹೇಳಿರಲಿಲ್ಲ. ಕಿವಿಗೆ ಹಾಕುವ ಮಿಷನ್ನು ಸ್ವಲ್ಪ ಕೆಲಸಕ್ಕೆ ಬರಬಹುದು ಅಂದರು. ಅದನ್ನು ಕಿವಿಗೆ ಹಾಕಿಕೊಂಡು ಅಮ್ಮನ ಎದುರು ಹೇಗೆ ನಿಲ್ಲುವುದು? ಆಮೇಲೆ ನೋಡೋಣ ಅಂದುಕೊಂಡು ಬಂದುಬಿಟ್ಟಿದ್ದ.

ಯಾರೋ ಅವನ ಹೆಗಲು ಹಿಡಿದು ಅಲ್ಲಾಡಿಸಿದರು. ಕಂಡಿಕೆಯಕ್ಕ. ಶೆಡ್ಡಿಗೇ ಹಿರಿಯಳು, ಶೆಡ್ಡಿಗೇ ದೊಡ್ಡ ಕಿವುಡಿ. ಪಕ್ಕದಲ್ಲಿ ಪಟಾಕಿ ಹೊಡೆದರೂ ತಿರುಗದವಳು, ಆದರೆ ಗಾಜಿನ ಕೋಣೆಯೊಳಗೆ ಸಾಹುಕಾರರು ಫೋನಿನಲ್ಲಿ ಆಡುವ ಮಾತನ್ನು ದೂರದಿಂದಲೇ ಓದಿ ಹಂಚುವವಳು. ಅವಳು ಬೆರಳು ತೋರಿಸಿದಳು. ಅವನ ಎದುರಿನ ಮಗ್ಗದಲ್ಲಿ ಹಾಸಿನ ಎಳೆ ಯಾವಾಗಲೋ ಹರಿದು, ಬಟ್ಟೆಯ ಉದ್ದಕ್ಕೂ ಒಂದು ಬಿರುಕು ಹರಿದುಕೊಂಡು ಬಂದಿತ್ತು. ಮೇಸ್ತ್ರಿ ಮಗ್ಗ ನಿಲ್ಲಿಸಿದ.

“ನಿಂತ್ಕೊಂಡೇ ನಿದ್ದೆ ಮಾಡೋ ಕುದುರೆ ನೋಡಿದ್ದೆ, ಮೇಸ್ತ್ರೀನ ನೋಡಿರ್ಲಿಲ್ಲ,” ಎಂದವು ಅವಳ ತುಟಿ. “ಸಾಹುಕಾರರು ಈಗ ಹೆಂಡ್ತಿ ಹತ್ರ ಬೈಸ್ಕೋತಾ ಇದಾರೆ. ಆ ಕೋಪ ಇಳಿಸೋಕೆ ಒಬ್ಬ ಬೇಕು ಅವರಿಗೆ. ನೀನಾಗ್ಬೇಡ.”

ಅವನು ನಗಲಿಲ್ಲ. ಅವಳ ಮುಖ ಬದಲಾಯಿತು. “ಅಮ್ಮ ಹೇಗಿದಾರೆ ತಮ್ಮಾ?”

ಅವನು ಹೇಳಿದ. ಆ ಗದ್ದಲದ ನಡುವೆ, ಬರೀ ತುಟಿಯಲ್ಲಿ, ಮನೆಯಲ್ಲಿ ಯಾರಿಗೂ ಹೇಳಲಾಗದ್ದನ್ನು ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಬಾಯಿ ಸೊಟ್ಟಗಾಯಿತು, ಅವಳು ಎರಡು ಸಲ ಗಲ್ಲ ಹಿಡಿದು ಅವನ ಮುಖವನ್ನು ಬೆಳಕಿಗೆ ತಿರುಗಿಸಿಕೊಂಡಳು.

“ಕೇಳಿಸದೆ ಖಂಡಿತ ಅಂದ್ಯಾ?”

“ಅಂದೆ.”

“ಥೂ ನಿನ್ನ.” ಅವಳು ಸೆರಗಿನಿಂದ ಕೈಯ ನೂಲಿನ ಧೂಳು ಕೊಡವಿದಳು. “ದನಿ ಹೋಗಿದೆ ಅಂತೀಯ. ತುಟಿ ಆಡ್ತಾ ಇದೆಯಾ?”

“ಆಡ್ತಾ ಇದೆ. ನನಗೆ ಓದೋಕಾಗಲ್ಲ. ಹಲ್ಲಿಲ್ಲ.”

“ನಮ್ಮತ್ತೆಗೆ ನಾನು ಮದುವೆಯಾಗಿ ಬಂದಾಗ್ಲೇ ಹಲ್ಲಿರ್ಲಿಲ್ಲ. ಸಾಯೋವರೆಗೂ ಬೈದ್ರು. ಒಂದು ಬೈಗುಳಾನೂ ತಪ್ಪಿಸ್ಕೊಂಡಿಲ್ಲ ನಾನು.” ಹೊಸ ಪಾಳಿಯವರು ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಿದ್ದರು. “ನಡಿ. ನಾನೇ ಓದ್ತೀನಿ.”

ಬೀದಿಯಲ್ಲಿ ಬಿಸಿಲಿತ್ತು. ಶೆಡ್ಡು ಹಿಂದಾದಂತೆ ಜೀರುಂಡೆ ಮತ್ತೆ ಶುರುವಾಯಿತು. ಮೇಸ್ತ್ರಿಯ ಎದೆಯಲ್ಲಿ ಆಸೆಯಂಥದೊಂದು ಹೊರಳಿತು. ಇಷ್ಟು ಸುಲಭವೇ! ಅಮ್ಮ ಇನ್ನೊಮ್ಮೆ ಅಂದರೆ ಸಾಕು, ಅಕ್ಕ ಓದಿ ಹೇಳುತ್ತಾಳೆ, ತಾನು ಮಾಡುತ್ತೇನೆ, ಅಮ್ಮನಿಗೆ ಗೊತ್ತೂ ಆಗುವುದಿಲ್ಲ. ಗೊತ್ತೂ ಆಗುವುದಿಲ್ಲ ಎನ್ನುವುದೇ ಮುಂದೆ ಬಂದು ನಿಂತದ್ದನ್ನು ಅವನು ಗಮನಿಸಿದ, ಹೆಜ್ಜೆ ತಡೆಯಿತು. ಅಂಗಡಿಯ ಮುಂದೆ ನಿಂತು ಅಮ್ಮನಿಗೆಂದು ಎಳನೀರು ಕೇಳಿದ. ಅಂಗಡಿಯವನು ಏನೋ ಕೇಳಿದ, ಇವನು ಹೂಂ ಅಂದ, ಅಂಗಡಿಯವನು ಮತ್ತೆ ಕೇಳಿದ, ಇವನು ಮತ್ತೆ ಹೂಂ ಅಂದ. ಪಕ್ಕದವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕ. ಅಕ್ಕ ಮುಂದೆ ಬಂದು, ತನಗೇ ಕೇಳದ ದೊಡ್ಡ ದನಿಯಲ್ಲಿ, “ಕೆತ್ತಿ ಕೊಡ್ಲಾ, ಇಡೀದು ಕೊಡ್ಲಾ ಅಂತ ಕೇಳ್ತಾ ಇದಾನೆ! ಕೆತ್ತಿ ಕೊಡಪ್ಪಾ! ಹಾಗೇ ಆ ನಗೋನಿಗೂ ಒಂದು ಕೆತ್ತಿ ಕೊಡು, ಬಾಯಿಗೆ ಇಟ್ಕೊಳ್ಳಲಿ!” ಎಂದು ಕೂಗಿದಳು. ಬೀದಿಯೆಲ್ಲ ತಿರುಗಿತು. ಮೇಸ್ತ್ರಿಗೆ ನೆಲ ಬಾಯ್ಬಿಟ್ಟರೆ ಸಾಕೆನಿಸಿತು. ಅಕ್ಕನಿಗೆ ಅಂಥದ್ದೇನೂ ಅನ್ನಿಸಲಿಲ್ಲ. ಅವಳು ಮುಚ್ಚಿಡುವುದನ್ನು ಬಿಟ್ಟು ಎಷ್ಟು ಕಾಲವಾಗಿತ್ತೋ!

ಮನೆಯಲ್ಲಿ ತಂಗಿ ಮಂಚದ ಪಕ್ಕ ಕೂತು ಅಮ್ಮನ ತುಟಿಗೆ ಒದ್ದೆ ಬಟ್ಟೆ ಒತ್ತುತ್ತಿದ್ದಳು. ಬಾಗಿಲಲ್ಲಿ ನಿಂತು ಮೇಸ್ತ್ರಿಯೂ ಕಂಡಿಕೆಯಕ್ಕನೂ ಸದ್ದಿಲ್ಲದೆ ಬಾಯಿ ಆಡಿಸಿಕೊಳ್ಳುವುದನ್ನು ನೋಡಿ ಅವಳ ಕೈ ನಿಂತಿತು.

“ಇವರಿಗೆ ಮಾತು ಬರಲ್ವಾ ಅಣ್ಣ?”

“ಬರುತ್ತೆ. ಕಿವಿ ಕೇಳಲ್ಲ. ತುಟಿ ಓದ್ತಾರೆ.” ತಂಗಿ ಅಕ್ಕನನ್ನು ನೋಡಿದಳು, ಆಮೇಲೆ ಅಣ್ಣನನ್ನು ನೋಡಿದಳು. ಅವನು ಇಷ್ಟು ವರ್ಷ ತಾನು ಮಾತಾಡುವಾಗಲೆಲ್ಲ ಕಣ್ಣನ್ನು ಬಿಟ್ಟು ಬಾಯಿಯನ್ನೇ ನೋಡುತ್ತಿದ್ದುದು ಅವಳಿಗೆ ಆಗಲೇ ಹೊಳೆದಿರಬೇಕು. ಅವಳು ಬೇಕೆಂದೇ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಏನೋ ಅಂದಳು. ಅವಳ ಕಣ್ಣು ಅವನ ಮೇಲೇ ಇತ್ತು. ಮೇಸ್ತ್ರಿ ಕಾದ. ಹೂಂ ಅನ್ನಲೂ ಆಗಲಿಲ್ಲ. ತಂಗಿ ಸೆರಗು ಇಳಿಸಿದಳು. ಒದ್ದೆ ಬಟ್ಟೆಯನ್ನು ಮಂಚದ ಅಂಚಿಗೆ ಹಾಕಿ ಎದ್ದು ನಿಂತಳು.

ಕಂಡಿಕೆಯಕ್ಕ ಅಷ್ಟರಲ್ಲಿ ಮಂಚದ ಬದಿಗೆ ಮೊಣಕಾಲೂರಿ ಕೂತಾಗಿತ್ತು. ಅಮ್ಮನ ಮುಖದ ಮೇಲೆ ಬೆಳಕು ಬೀಳುವಂತೆ ಕಿಟಕಿಯ ಬಾಗಿಲನ್ನು ಅಗಲಕ್ಕೆ ತಳ್ಳಿಸಿದಳು. ಅಮ್ಮನ ಕಣ್ಣು ತೆರೆದಿತ್ತು. ತುಟಿ ಆಡಿತು.

“ಇವಳ್ಯಾರು ಅಂತಿದಾರೆ,” ಎಂದಳು ಅಕ್ಕ ಮೇಸ್ತ್ರಿಯ ಕಡೆ ತಿರುಗಿ, ಬರೀ ತುಟಿಯಲ್ಲಿ. ಮತ್ತೆ ಅಮ್ಮನನ್ನು ನೋಡಿದಳು. “ಬೆಳಕು ಕಣ್ಣಿಗೆ ಚುಚ್ಚುತ್ತೆ ಅಂತಿದಾರೆ. ಇವಳು ತಲೆ ಬಾಚ್ಕೊಂಡು ಬರಬಾರ್ದಿತ್ತಾ ಅಂತಿದಾರೆ.” ಅಕ್ಕ ನಕ್ಕಳು. ಮೇಸ್ತ್ರಿಯ ಮೈಯಲ್ಲಿ ಬಿಸಿ ಹರಿಯಿತು. ನಿಜಕ್ಕೂ ಓದುತ್ತಿದ್ದಳು! ಇದು ಅಮ್ಮನದೇ ಮಾತು, ಅಮ್ಮನದೇ ಚುಚ್ಚು. ಎಷ್ಟು ವರ್ಷವಾಗಿತ್ತು ಅಮ್ಮನ ಮಾತು ಹೀಗೆ ಇಡಿಯಾಗಿ ತನ್ನವರೆಗೆ ಬಂದು!

ಅವನು ಬಗ್ಗಿದ. ದನಿ ಎಷ್ಟು ಏರುತ್ತಿದೆಯೋ ತಿಳಿಯದೆ, “ಅಮ್ಮ, ನಿನ್ನೆ ನನಗೆ ಏನೋ ಹೇಳಿದೆಯಲ್ಲ. ಇನ್ನೊಂದ್ಸಲ ಹೇಳು,” ಎಂದ.

ಅಮ್ಮ ಅವನನ್ನು ನೋಡಿದಳು. ತುಟಿ ಆಡಿತು, ನಿಂತಿತು, ಮತ್ತೆ ಆಡಿತು.

“ಹೇಳಿದ್ದೀನಲ್ಲ ಅಂತಾರೆ,” ಎಂದಳು ಅಕ್ಕ. “ನೀನು ಒಪ್ಪಿದೀಯಂತೆ. ಮತ್ತೆಮತ್ತೆ ಹೇಳೋ ಮಾತಲ್ಲವಂತೆ ಅದು. ಇವಳ ಮುಂದೆ ಯಾಕೆ, ನಿನ್ನ ತಂಗಿ ಮುಂದೆ ಯಾಕೆ ಅಂತಾರೆ.” ಅವಳು ತಡೆದು ಸೇರಿಸಿದಳು: “ಮಾಡ್ತೀಯಲ್ಲ ಅಂತ ಕೇಳ್ತಾ ಇದಾರೆ.”

ಅಮ್ಮನ ಹುಬ್ಬು ಮೇಲೇರಿತ್ತು. ನಿನ್ನೆಯಂತೆಯೇ ಇಳಿಯಲಿಲ್ಲ. ಖಾಲಿಯಾದ ಆ ಮುಖದ ಎದುರು ಮೇಸ್ತ್ರಿಯ ಗಂಟಲಿನವರೆಗೆ ಹಳೆಯ ಮಾತು ತಾನಾಗಿ ಹತ್ತಿ ಬಂತು. ಅಂದುಬಿಟ್ಟರೆ ಅವಳು ಕಣ್ಣು ಮುಚ್ಚುತ್ತಾಳೆ, ಸಮಾಧಾನದಿಂದ ಹೋಗುತ್ತಾಳೆ. ಅದು ಏನೆಂದು ಯಾರೂ ಯಾವತ್ತೂ ಕೇಳುವಂತಿಲ್ಲ. ಆಮೇಲೆ ತಾನು ಉಳಿಯುತ್ತೇನೆ, ಮಾಡುತ್ತೇನೆಂದದ್ದನ್ನು ಮಾಡದೆ, ಮಾಡದೇ ಇರುವುದು ಯಾವುದನ್ನು ಎಂದೂ ತಿಳಿಯದೆ. ದೊಡ್ಡಣ್ಣ ಬಂದು ನಿಂತರೆ, ಇದೇ ಇರಬಹುದೇ? ತಂಗಿ ಗಂಟು ಕಟ್ಟಿಕೊಂಡು ಹೊರಟರೆ, ಇದೇ ಇರಬಹುದೇ? ದಿನಾ ಎದುರಾಗುವ ಪ್ರತಿಯೊಂದರಲ್ಲೂ, ಇದೇ ಇರಬಹುದೇ?

“ನನಗೆ ಕೇಳಿಸ್ಲಿಲ್ಲ ಅಮ್ಮ,” ಎಂದ. “ನಿನ್ನೆ ನೀನು ಹೇಳಿದ್ದು ಒಂದಕ್ಷರಾನೂ ಕೇಳಿಸ್ಲಿಲ್ಲ. ಸುಮ್ನೆ ಒಪ್ಪಿದೆ. ನನಗೆ ಕಿವಿ ಹೋಗಿದೆ. ಹೋಗಿ ತುಂಬಾ ದಿನ ಆಯ್ತು.”

ಅವನು ಕಿರುಚಿರಬೇಕು. ತಂಗಿ ಎರಡೂ ಕೈ ಎತ್ತಿ ಮೆಲ್ಲಗೆ, ಮೆಲ್ಲಗೆ ಎಂದು ಗಾಳಿಯನ್ನು ಒತ್ತುತ್ತಿದ್ದಳು. ಅಮ್ಮ ಬಹಳ ಹೊತ್ತು ಅವನ ಮುಖವನ್ನೇ ನೋಡಿದಳು, ಅದರಲ್ಲಿ ಬೇರೆ ಯಾರನ್ನೋ ಗುರುತಿಸುತ್ತಿರುವವಳಂತೆ. ತುಟಿ ಸ್ವಲ್ಪವೇ ಆಡಿತು. ಮೇಸ್ತ್ರಿ ಅಕ್ಕನ ಕಡೆ ತಿರುಗಿದ. ಅಕ್ಕ ನೆಲ ನೋಡುತ್ತಿದ್ದಳು.

“ಏನಂದ್ಲು?”

ಅಕ್ಕ ಬೇಡವೆಂಬಂತೆ ತಲೆಯಾಡಿಸಿದಳು.

“ಅಕ್ಕ, ಏನಂದ್ಲು ಹೇಳು.”

“ನೀನೂನಾ ಅಂದ್ರು,” ಎಂದವು ಅಕ್ಕನ ತುಟಿ. “ಅಷ್ಟೇ.”

ಅವನು ಮತ್ತೆ ತಿರುಗುವಷ್ಟರಲ್ಲಿ ಅಮ್ಮ ಗೋಡೆಯ ಕಡೆ ಹೊರಳಿದ್ದಳು. ಎರಡು ದಿನದಿಂದ ತಾನಾಗಿ ಮಗ್ಗುಲು ಬದಲಿಸಲಾರದೆ ಇದ್ದವಳಿಗೆ ಆ ಶಕ್ತಿ ಎಲ್ಲಿಂದ ಬಂತೋ. ಅವನಿಗೆ ಕಂಡದ್ದು ತೆಳ್ಳಗಿನ ಬಿಳಿ ಜಡೆ, ಕಿವಿಯ ಹಿಂದಿನ ಹೊಂಡ, ರವಿಕೆಯ ಬೆನ್ನು. ಕಿವಿಯ ಕೆಳಗೆ ದವಡೆಯ ಮೂಲೆ ಮಾತ್ರ ಆಡುತ್ತಿತ್ತು. ಅವಳು ಮಾತಾಡುತ್ತಿದ್ದಳು! ಗೋಡೆಗೆ ಹೇಳುತ್ತಿದ್ದಳು. ಅಕ್ಕ ಎರಡೂ ಕೈ ಚೆಲ್ಲಿದಳು: ಮುಖ ಕಾಣದೆ ಏನು ಓದಲಿ?

ಮೇಸ್ತ್ರಿ ಮಂಚದ ಕಾಲು ಹಿಡಿದು ಎಳೆದ. ಮಂಚ ಕಿರುಗುಟ್ಟಿರಬೇಕು, ತಂಗಿ ಹಲ್ಲು ಕಚ್ಚಿ ಕಿವಿ ಮುಚ್ಚಿಕೊಂಡಳು. ಅವನಿಗೆ ಅಂಗೈಯಲ್ಲಿ ಬರೀ ಒಂದು ಅದಿರಾಟ. ಗೋಡೆಗೂ ಮಂಚಕ್ಕೂ ನಡುವೆ ಒಂದು ಆಳು ತೂರುವಷ್ಟು ಸಂದಿಯಾದಾಗ ಅವನು ಬೆನ್ನನ್ನು ಗೋಡೆಗೆ ಉಜ್ಜುತ್ತ ಅದರೊಳಕ್ಕೆ ಇಳಿದು ಕೂತ. ಸುಣ್ಣ ಉದುರಿ ಹೆಗಲ ಮೇಲೆ ಬಿತ್ತು. ಅಮ್ಮನ ಮುಖ ಈಗ ಅವನ ಮುಖದ ಎದುರಿತ್ತು, ಅವಳ ಉಸಿರು ಗಲ್ಲಕ್ಕೆ ತಾಗುವಷ್ಟು ಹತ್ತಿರ. ಇಲ್ಲಿಗೆ ಅಕ್ಕನ ಕಣ್ಣು ಬರುವಂತಿರಲಿಲ್ಲ, ತಂಗಿಯದೂ ಇಲ್ಲ.

“ಈಗ ಹೇಳು,” ಎಂದ.

ಅಮ್ಮ ಅವನನ್ನು ನೋಡಿದಳು. ಸಿಟ್ಟಿತ್ತು, ಸಿಟ್ಟಿನ ಹಿಂದೆ ದಣಿವಿತ್ತು, ಅದರ ಹಿಂದೆ ಅವನಿಗೆ ಹೆಸರು ಗೊತ್ತಿಲ್ಲದ್ದು ಇನ್ನೊಂದಿತ್ತು. ಒಳಸೇದಿದ ತುಟಿಗಳು ತೆರೆದವು, ಸೇರಿದವು. ಮತ್ತೆ ತೆರೆದವು. ಸೇರಿದ್ದು ಮ ಇರಬಹುದು, ಬ ಇರಬಹುದು, ಪ ಇರಬಹುದು. ಮೂರೂ ತುಟಿಯ ಮೇಲೆ ಒಂದೇ. ಉಳಿದದ್ದು ಗಂಟಲಲ್ಲೇ ಉಳಿಯಿತು. ಅವಳು ಮುಗಿಸಿ ಕಾದಳು.

“ಇಲ್ಲಮ್ಮ,” ಎಂದ ಅವನು. “ಗೊತ್ತಾಗ್ಲಿಲ್ಲ.”

ಅವಳು ಕಣ್ಣು ಮುಚ್ಚಿ ತೆರೆದಳು. ಮತ್ತೆ ಮೊದಲಿಂದ. ಈ ಸಲ ನಿಧಾನವಾಗಿ, ದವಡೆಯನ್ನು ಕಷ್ಟಪಟ್ಟು ಕೆಳಗಿಳಿಸಿ, ಚಿಕ್ಕ ಮಗುವಿಗೆ ಅಕ್ಷರ ತೋರಿಸುವಂತೆ. ಕತ್ತಿನ ನರ ಎದ್ದು ನಿಂತಿತು. ಅವನು ರೆಪ್ಪೆ ಬಡಿಯಲಿಲ್ಲ.

“ಇಲ್ಲ. ಇನ್ನೊಂದ್ಸಲ.”

ಮೇಲಿನಿಂದ ತಂಗಿಯ ಕೈ ಬಂದು ಅವನ ಹೆಗಲ ಅಂಗಿ ಹಿಡಿಯಿತು. ಬಿಡಣ್ಣ, ಸಾಕು, ದಣಿಸಬೇಡ ಅನ್ನುತ್ತಿರಬೇಕು, ಅಳುತ್ತಿರಲೂಬಹುದು. ತಲೆಯೆತ್ತಿ ನೋಡಿದರೆ ಗೊತ್ತಾಗುತ್ತಿತ್ತು. ನೋಡಿದರೆ ಈ ತುಟಿ ತಪ್ಪಿಹೋಗುತ್ತಿತ್ತು. ಅವಳಿಗೆ ಉಳಿದಿರುವ ಉಸಿರನ್ನು ತಾನೇ ಒಂದೊಂದಾಗಿ ಕೇಳಿ ಇಸಿದುಕೊಳ್ಳುತ್ತಿದ್ದೇನೆ ಎಂದು ಅವನಿಗೆ ತಿಳಿದಿತ್ತು. ತಿಳಿದೂ, “ಇನ್ನೊಂದ್ಸಲ ಅಮ್ಮ,” ಎಂದ. ತಂಗಿಯ ಕೈ ಎಳೆಯಿತು, ಅಂಗಿಯ ಹೊಲಿಗೆ ಬಿಟ್ಟುಕೊಂಡಿತು. ಅಮ್ಮನ ಬಾಯಿ ತೆರೆಯಿತು. ಮುಚ್ಚಲು ತಡವಾಯಿತು. ಮತ್ತೆ ತೆರೆಯಿತು. ಅವಳು ಮಾತಾಡುತ್ತಿದ್ದಾಳೋ, ಗಾಳಿಗಾಗಿ ಬಾಯಿ ಬಿಡುತ್ತಿದ್ದಾಳೋ ಹೇಳುವುದು ಈಗ ಅವನಿಂದಾಗಲಿಲ್ಲ.

“ಹೇಳಮ್ಮ,” ಎಂದ. “ನೋಡ್ತಾ ಇದೀನಿ.”